ಏಳನೆಯ ಕುಳಿಯ ಬಲಗಡೆ

ಹತ್ತೊಂಬತ್ತು ವರ್ಷದಿಂದ ನಾನು ಈ ನೆಲದ ಕ್ಷೌರಿಕ.
ಬೆಳಗಿನ ಐದಕ್ಕೆ ಯಂತ್ರ ಹತ್ತಿ
ಇಬ್ಬನಿ ಸಮೇತ ಬೋಳಿಸಿ
ಏಳಕ್ಕೆ ಕಾಫಿ ಕುಡಿಯುವವ.
ಒಂದು ಏಪ್ರಿಲಿನಲ್ಲಿ ಗಾಲ್ಫ್ ಕ್ಲಬ್ಬಿನವರು ಕರೆದು ಹೇಳಿದರು:
ಆರ್ವಿಡ್, ಏಳನೆಯ ಕುಳಿಯ ಬಲಗಡೆ ಹನ್ನೊಂದು ಎಕರೆ
ಇನ್ನು ಮುಟ್ಟಬೇಡ.
ನೀರು ದುಬಾರಿ, ಡೀಸೆಲ್ ದುಬಾರಿ,
ಹುಲ್ಲು ತನ್ನ ಪಾಡಿಗೆ ತಾನಿರಲಿ.

ಇತ್ತು.
ಮೊದಲ ವರ್ಷ ಬರೀ ಕಳೆ.
ಎರಡನೆಯ ವರ್ಷ ಮೊಣಕಾಲಿಗೆ.
ಮೂರನೆಯ ಆಗಸ್ಟಿನಲ್ಲಿ ಒಳಗೆ ನಡೆದರೆ
ನನ್ನ ಟೋಪಿಯಷ್ಟೇ ತೇಲಿಹೋಗುತ್ತಿತ್ತಂತೆ.
ಒಂದಿಷ್ಟು ಬೀಜ ನಾನೇ ಚೆಲ್ಲಿದ್ದು ನಿಜ,
ಮಿಕ್ಕದ್ದು ಅಲ್ಲೇ ಕೂತು ಕಾದಿತ್ತು.

ಬೇಲಿಯಾಚೆ ಅರವತ್ತೆರಡು ಮನೆ.
ಬಡಾವಣೆಯ ಹೆಸರು ಪ್ರೇರಿ ವ್ಯೂ.
ಬ್ಲೂಸ್ಟೆಮ್ ಬೀದಿ, ಸ್ವಿಚ್‌ಗ್ರಾಸ್ ಅಡ್ಡಬೀದಿ:
ಯಾವ ಹುಲ್ಲು ಕಿತ್ತು ಮನೆ ಕಟ್ಟಿದರೋ
ಅದರ ಹೆಸರನ್ನೇ ಕಂಬಕ್ಕೆ ನೇತುಹಾಕಿದ್ದರು.
ಹೆಸರಿನ ಒಡೆಯ ಬಂದು ಬೇಲಿಯ ಬಳಿ ನಿಂತಾಗ
ಯಾರಿಗೂ ಗುರುತು ಹತ್ತಲಿಲ್ಲ.

ಹಾವು ಬರುತ್ತದೆ, ಎಂದರು ಡೆಕ್ಕರ್ ದಂಪತಿ.
ಬಂದಿತ್ತು ಕೂಡ, ಪೆನ್ಸಿಲ್ ದಪ್ಪದ್ದು,
ಗ್ಯಾರೇಜಿನ ಮೂಲೆಯಲ್ಲಿ
ಅವರಿಗಿಂತ ಹೆಚ್ಚು ಹೆದರಿ ಕೂತಿತ್ತು.
ಡಕೋಟಾದ ಗಾಳಿಗೆ ಒಂದು ಕಿಡಿ ಸಾಕು, ಎಂದ
ಅಗ್ನಿಶಾಮಕದಿಂದ ನಿವೃತ್ತನಾದ ಲೊವೆಲ್ ಸ್ಟ್ರೂವ್,
ಸಿಗರೇಟಿನ ಬೂದಿ ಕೊಡವುತ್ತ.
ಮನೆಯ ಬೆಲೆ ಬಿತ್ತೆಂದು ಅತ್ತವರಲ್ಲಿ
ಮನೆ ಮಾರುವವರು ಒಬ್ಬರೂ ಇರಲಿಲ್ಲ.
ನಾವು ಕೊಂಡದ್ದು ನೋಟವನ್ನು, ಎಂದಳೊಬ್ಬಳು;
ಎಷ್ಟಕ್ಕೆ ಎಂಬುದನ್ನೂ ಹೇಳಿದಳು.

ಲೂಥರನ್ ಚರ್ಚಿನ ನೆಲಮಾಳಿಗೆ,
ಮಡಚುವ ಕುರ್ಚಿ, ನಿಂಬೆ ಬಿಸ್ಕತ್ತು.
ಲೋಕವನ್ನೇ ತೃಣವೆಂದು ಬಗೆಯುವ ಮಂದಿ
ತೃಣಕ್ಕೋಸ್ಕರ ಎರಡೂವರೆ ಗಂಟೆ ಕಾದಾಡಿದರು.
ಕಾಲೇಜಿನ ಹುಡುಗಿ ಪರದೆಯ ಮೇಲೆ ಬೇರು ತೋರಿಸಿದಳು:
ಮೇಲೆ ಆರಡಿಯಾದರೆ ಕೆಳಗೆ ಎಂಟಡಿ.
“ನಮ್ಮ ಕಿಟಕಿಗೆ ಬೇರು ಕಾಣುವುದಿಲ್ಲವಲ್ಲ ತಾಯಿ!”
ಎಲ್ಲರೂ ನಕ್ಕರು. ನಾನೂ ನಕ್ಕೆ.

ಹಿಂದಿನ ಸಾಲಿನಲ್ಲಿ ಮಾರ್ಲಿಸ್ ಟ್ವೆಟ್,
ಕೈ ಎತ್ತಲಿಲ್ಲ, ಬಾಯಿ ಬಿಡಲಿಲ್ಲ.
ಹೊರಗೆ ಕಾರುಗಳ ನಡುವೆ ನನ್ನ ತೋಳು ಹಿಡಿದಳು.
“ಹಾವಿನ ಭಯ ನನಗಿಲ್ಲ, ಆರ್ವಿಡ್.
ಸಿಂಕಿನ ಮುಂದಿನ ಕಿಟಕಿಯಿಂದ ಏಳರ ಬಾವುಟ ಕಾಣುತ್ತಿತ್ತು.
ಹ್ಯಾಲ್ವರ್ ಎಂಟು, ಒಂಬತ್ತು ಆಡುತ್ತಲೇ ಇರಲಿಲ್ಲ, ಹಸಿವು ತಡೆಯದವನು.
ಬಾವುಟದ ಹತ್ತಿರ ಬಂದು ಟೋಪಿ ಎತ್ತುತ್ತಿದ್ದ,
ನಾನು ಮೊಟ್ಟೆ ಒಡೆಯುತ್ತಿದ್ದೆ.”
ಆತ ಹೋಗಿ ಆರು ವರ್ಷ.
ಅದನ್ನು ಅವಳು ಹೇಳಲಿಲ್ಲ, ನಾನು ಎತ್ತಲಿಲ್ಲ.
“ಈಗ ಬಾಣಲೆ ಕಾಯುತ್ತಲೇ ಇರುತ್ತದೆ,” ಎಂದಳು,
ಕಾರಿನ ಬೀಗದ ಕೈ ಹುಡುಕುತ್ತ.

ತೀರ್ಮಾನ ಬಂತು, ಕಾಗದದಲ್ಲಿ:
ಬೇಲಿಯಿಂದ ಮೂವತ್ತಡಿ ಕತ್ತರಿಸತಕ್ಕದ್ದು,
ಉಳಿದದ್ದು ಬಿಡತಕ್ಕದ್ದು.
ಯಾರಿಗೂ ಸಮಾಧಾನವಿಲ್ಲ,
ಅಂದಮೇಲೆ ನ್ಯಾಯವೇ ಇರಬೇಕು.
ಮಾರ್ಲಿಸಳ ಕಿಟಕಿಗೆ ಮಾತ್ರ
ಮೂವತ್ತಡಿ ಎಲ್ಲಿಗೂ ಸಾಲಲಿಲ್ಲ.

ಸೋಮವಾರ, ಮಂಜಿನಲ್ಲಿ,
ನನ್ನ ಯಂತ್ರ ದಾರಿ ತಪ್ಪಿತು.
ತಪ್ಪಿದ್ದು ಒಂದೇ ಒಂದು ಬ್ಲೇಡಿನ ಅಗಲ,
ಅವಳ ಸಿಂಕಿನಿಂದ ಬಾವುಟದ ತನಕ
ನೂಲು ಹಿಡಿದಂತೆ ನೇರ.
ಹಳದಿ ಎದೆಯ ಹಕ್ಕಿಯೊಂದು ಎದ್ದು
ಬಾಯಿಗೆ ಬಂದಂತೆ ಬೈದು ಹೋಯಿತು;
ಅದರ ಆಕ್ಷೇಪಣೆಯನ್ನು ಯಾವ ಸಭೆಯೂ ಬರೆದುಕೊಂಡಿಲ್ಲ.
ನನಗೆ ಅದರ ಮುಖ ನೋಡಲಾಗಲಿಲ್ಲ.

ಕ್ಲಬ್ಬಿಗೆ ಬರೆದುಕೊಟ್ಟೆ: ಸ್ಟೀರಿಂಗ್ ದೋಷ.
ಎರಡು ವಾರಕ್ಕೊಮ್ಮೆ ಆ ದೋಷ ಮರುಕಳಿಸುತ್ತದೆ.
ಗೆರೆಯ ಈ ತುದಿಗೆ ಬಂದು ಯಂತ್ರ ಆರಿಸಿದರೆ
ಆ ತುದಿಯಲ್ಲಿ ಅಡುಗೆಮನೆಯ ದೀಪ, ಒಂದು ನೆರಳು.
ಇಬ್ಬದಿಯಲ್ಲೂ ಆಳೆತ್ತರದ ಹುಲ್ಲು, ಕೆಂಪಗೆ, ತೂಗುತ್ತ.
ಟೋಪಿಯ ಅಂಚಿಗೆ ಕೈ ಹೋಗುತ್ತದೆ,
ಅಲ್ಲೇ ನಿಲ್ಲುತ್ತದೆ.
ಎತ್ತಿದರೆ
ಅವಳು ಮೊಟ್ಟೆ ಒಡೆದುಬಿಟ್ಟಾಳು.